ಉಳಿಕೆಯ ಹಿಂದಿನ ಕೊರತೆ

ಬೆಂಗಳೂರಿನ ಯಾವುದಾದರೂ ಸಣ್ಣ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ವಾರ್ಷಿಕ ಲೆಕ್ಕಪತ್ರ ಸಿಕ್ಕಿದರೆ, ಆಸ್ತಿಗಳ ಪಟ್ಟಿಯನ್ನು ಒಮ್ಮೆ ನೋಡಿ. ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿರುತ್ತವೆ. ಅಲ್ಯುಮಿನಿಯಂ ಏಣಿ, ಸಿಸಿಟಿವಿ ಕ್ಯಾಮೆರಾ, ಆಫೀಸಿನ ಹಳೆಯ ಕಂಪ್ಯೂಟರ್ ಇರುತ್ತವೆ. ಪ್ರತಿಯೊಂದಕ್ಕೂ ವರ್ಷದ ಸವಕಳಿ ಕಳೆದು, ಉಳಿದ ಬೆಲೆಯನ್ನು ಪೈಸೆ ಸಮೇತ ಬರೆದಿರುತ್ತಾರೆ. ಸಾಮಾನ್ಯವಾಗಿ ಲಿಫ್ಟ್ ಇರುವುದಿಲ್ಲ. ಜನರೇಟರ್ ಇಲ್ಲ, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಇಲ್ಲ, ತಾರಸಿ ಇಲ್ಲ, ಗೋಡೆಯೊಳಗೆ ಹರಿಯುವ ನೀರಿನ ಪೈಪುಗಳಿಲ್ಲ.

ಇದರಲ್ಲಿ ಯಾರ ಕಳ್ಳಾಟವೂ ಇಲ್ಲ. ಲಿಫ್ಟು, ತಾರಸಿ ಇವೆಲ್ಲ ಸಂಘದ ಸ್ವತ್ತಲ್ಲ. ಮನೆ ಕೊಂಡವರೆಲ್ಲರ ಅವಿಭಜಿತ ಆಸ್ತಿ. ಸಂಘದ್ದು ಅವನ್ನು ನೋಡಿಕೊಳ್ಳುವ ಹೊಣೆ ಮಾತ್ರ. ಆಡಿಟರ್ ಬರೆದದ್ದು ಸರಿಯಾಗಿಯೇ ಇದೆ. ಆದರೆ ಇದರಿಂದ ಆಗುವುದೇನೆಂದರೆ, ಮುಂದೆ ಲಕ್ಷಗಟ್ಟಲೆ ಖರ್ಚು ತರಲಿರುವ ವಸ್ತುಗಳು ಯಾವುವೋ ಅವೇ ಲೆಕ್ಕದ ಹೊರಗೆ ಉಳಿಯುತ್ತವೆ. ಕುರ್ಚಿ ಸವೆದದ್ದು ಕಾಗದದ ಮೇಲೆ ಕಾಣುತ್ತದೆ, ಲಿಫ್ಟಿನ ಹಗ್ಗ ಸವೆದದ್ದು ಕಾಣುವುದಿಲ್ಲ. ಕೊನೆಯಲ್ಲಿ 'ವರ್ಷದ ಉಳಿಕೆ' ಎಂಬ ಸಾಲಿನಲ್ಲಿ ಒಂದೆರಡು ಲಕ್ಷ ಕಾಣಿಸಿದರೆ ಸಭೆ ಚಪ್ಪಾಳೆ ತಟ್ಟಿ ಲೆಕ್ಕಪತ್ರವನ್ನು ಅಂಗೀಕರಿಸುತ್ತದೆ.

ಈ ಚಪ್ಪಾಳೆಯ ಬಗ್ಗೆ ನನಗೆ ದಿಗಿಲು. ಲಾಭಕ್ಕಲ್ಲದೆ ನಡೆಯುವ ಒಂದು ಸಣ್ಣ ವಸತಿ ಸಂಘದ ಆರ್ಥಿಕ ಆರೋಗ್ಯವನ್ನು ಬ್ಯಾಂಕಿನಲ್ಲಿ ಎಷ್ಟಿದೆ ಎಂಬುದರಿಂದ ಅಳೆಯಲಾಗದು. ಆ ಹಣದಲ್ಲಿ ಎಷ್ಟು ಭಾಗ ಆಗಲೇ ಯಾವ ರಿಪೇರಿಯ ಪಾಲಿಗೆ ಸೇರಿಹೋಗಿದೆ ಎಂಬುದನ್ನು ಕಳೆದ ಮೇಲೆ ಏನು ಉಳಿಯುತ್ತದೆ ಎಂದು ನೋಡಬೇಕು. ಹಾಗೆ ನೋಡಿದರೆ ನಮ್ಮ ಊರಿನ ಬಹಳಷ್ಟು ಸಂಘಗಳು ಉಳಿಕೆ ತೋರಿಸುತ್ತಲೇ ಕೊರತೆಯಲ್ಲಿ ಬದುಕುತ್ತಿವೆ ಎಂದು ನಾನು ನಂಬುತ್ತೇನೆ. ಆ ಕೊರತೆಯನ್ನು ತುಂಬಬೇಕಾದವರು ಮುಂದೆ ಅಲ್ಲಿ ಇರಲಿರುವವರು. ಅವರಲ್ಲಿ ಹಲವರು ಆಗ ನಿವೃತ್ತರಾಗಿರುತ್ತಾರೆ.

*

ಒಂದೇ ಸೂರಿನಡಿ ಹತ್ತಾರು ಮನೆಯವರು ಸೇರಿ ಕಟ್ಟಡ ನೋಡಿಕೊಳ್ಳುವುದು ಕನ್ನಡ ನಾಡಿನವರಿಗೆ ತೀರ ಹೊಸದೇನಲ್ಲ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ್ದು ನಮಗೆಲ್ಲ ಪಾಠದಲ್ಲಿ ಬಂದಿದೆ. ಮರುವರ್ಷವೇ ಮುಂಬಯಿಯಲ್ಲಿ ಶ್ರೀಪಾದ ಸುಬ್ರಾವ್ ತಲ್ಮಕಿಯವರು ತಮ್ಮ ಗುರು ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಇನ್ನೊಂದು ಪತ್ತಿನ ಸಂಘ ಆರಂಭಿಸಿದರು. ಅದೇ ಇಂದಿನ ಎಸ್‌ವಿಸಿ ಬ್ಯಾಂಕ್. ಕೆನರಾದಿಂದ ನೌಕರಿಗಾಗಿ ಮುಂಬಯಿಗೆ ಹೋದ ಚಿತ್ರಾಪುರ ಸಾರಸ್ವತರಿಗೆ ಸಾಲಕ್ಕಿಂತ ದೊಡ್ಡ ಕಷ್ಟ ಮನೆಯದು. 1896ರ ಪ್ಲೇಗಿನ ನಂತರ ಊರಿನ ಇಕ್ಕಟ್ಟು ಬಿಡಿಸಲು ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಗಾಮದೇವಿಯಲ್ಲಿ ಹೊಸ ಬಡಾವಣೆ ಮಾಡಿತ್ತು. 1915ರಲ್ಲಿ ತಲ್ಮಕಿ ಮತ್ತು ಅವರ ಸಂಗಡಿಗರು ಅಲ್ಲಿ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ಸ್ಥಾಪಿಸಿದರು. ತಾಡದೇವ್‌ನ ತಲ್ಮಕಿವಾಡಿಗೆ ಅವರದೇ ಹೆಸರು.

ಗಾಮದೇವಿಯ ವ್ಯವಸ್ಥೆಯಲ್ಲಿ ನಾವು ಇವತ್ತಿಗೂ ಗಮನಿಸಬೇಕಾದ ಒಂದು ಅಂಶವಿದೆ. ಅಲ್ಲಿ ಕಟ್ಟಡ ಸೊಸೈಟಿಯದು. ಸದಸ್ಯರು ಷೇರು ಕೊಂಡು, ತಾವೇ ಒಡೆಯರಾದ ಸೊಸೈಟಿಗೆ ತಿಂಗಳಿಗೆ ಬಾಡಿಗೆ ಕಟ್ಟುತ್ತಿದ್ದರು. ಸಾಲದ ಕಂತು, ತೆರಿಗೆ, ಸುಣ್ಣಬಣ್ಣ, ರಿಪೇರಿ ಎಲ್ಲವೂ ಆ ಬಾಡಿಗೆಯೊಳಗಿಂದಲೇ ಬರಬೇಕು. ಹಾಗಾಗಿ ಬಾಡಿಗೆ ಎಷ್ಟೆಂದು ಗೊತ್ತುಮಾಡಲು ಕೂತವರು ಕಟ್ಟಡದ ಆಯುಸ್ಸಿನ ಲೆಕ್ಕವನ್ನೂ ಹಾಕಲೇಬೇಕಿತ್ತು.

ಬೆಂಗಳೂರಿನ ದಾರಿ ಬೇರೆಯಾಯಿತು. ದೇಶದ ಮೊದಲ ವಸತಿ ಸಹಕಾರ ಸಂಘ ಎಂಬ ಹೆಸರು ಇರುವುದು 1909ರ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿಗೆ. ಬ್ರಿಟಿಷ್ ಇಂಡಿಯಾದ 1904ರ ಕಾಯ್ದೆ ಪತ್ತಿನ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. ಮೈಸೂರು ಸಂಸ್ಥಾನ 1905ರಲ್ಲಿ ತನ್ನದೇ ಸಹಕಾರ ಕಾನೂನು ಮಾಡಿಕೊಂಡಿದ್ದರಿಂದ ಮನೆ ಕಟ್ಟುವ ಸಂಘ ಇಲ್ಲಿ ಮೊದಲೇ ಹುಟ್ಟಿತು. ಆದರೆ ಮುಂದೆ ಬೆಳೆದ ಗೃಹ ನಿರ್ಮಾಣ ಸಹಕಾರ ಸಂಘಗಳು ಬಹುಮಟ್ಟಿಗೆ ನಿವೇಶನ ಹಂಚುವ ಸಂಘಗಳಾದವು. ಜಮೀನು ಹಿಡಿ, ಬಡಾವಣೆ ಮಾಡು, ಸೈಟು ಹಂಚು. 1980ರ ದಶಕದಲ್ಲಿ ಜಮೀನು ಹಿಡಿಯುವುದರಲ್ಲಿ ಅವುಗಳ ಅಕ್ರಮ ಎಲ್ಲಿಗೆ ಮುಟ್ಟಿತ್ತು ಎಂಬುದು ಜಿ.ವಿ.ಕೆ. ರಾವ್ ಸಮಿತಿಯ ವರದಿಯಿಂದ ಹಿಡಿದು 1995ರಲ್ಲಿ ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನವರೆಗೆ ದಾಖಲಾಗಿದೆ. ಆ ಕತೆ ಇಲ್ಲಿ ಬೇಡ. ಇಲ್ಲಿಗೆ ಬೇಕಾದದ್ದು ಇಷ್ಟು: ಸೈಟು ಕೈಗೆ ಬಂದ ಮೇಲೆ ಅವರವರ ತಾರಸಿ ಅವರವರ ತಲೆಯ ಮೇಲೆ. ಸೋರಿದರೆ ಮನೆಯ ಯಜಮಾನ ಗಾರೆಯವನನ್ನು ಕರೆಸುತ್ತಿದ್ದ. ನಮ್ಮ ಅಪ್ಪ-ಅಮ್ಮಂದಿರ ಬೆಂಗಳೂರು ಹಾಗೆ ಬದುಕಿತು. ನಲವತ್ತೆಂಟು ಮನೆಗೆ ಒಂದೇ ತಾರಸಿ ಎಂಬುದು ನಮಗೆ ಒಂದು ತಲೆಮಾರಿನ ಅನುಭವ. ಅದಕ್ಕೆ ಬೇಕಾದ ಉಳಿತಾಯದ ರೂಢಿ ಇನ್ನೂ ಬೆಳೆದಿಲ್ಲ.

*

ನಲವತ್ತೆಂಟು ಮನೆ ಎಂದೆ. ಅದನ್ನೇ ಹಿಡಿದು ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ನಾನೇ ಇಟ್ಟುಕೊಂಡವು. ನಿಮ್ಮ ಕಟ್ಟಡದ ಅಂಕಿ ಹಾಕಿಕೊಂಡರೆ ಮೊತ್ತ ಬೇರೆಯಾಗುತ್ತದೆ, ದಾರಿ ಇದೇ.

ಒಂದೊಂದು ಮನೆ 1,200 ಚದರಡಿ. ಒಟ್ಟು 57,600 ಚದರಡಿ. ಮೇಂಟೆನೆನ್ಸ್ ತಿಂಗಳಿಗೆ ಚದರಡಿಗೆ ಮೂರೂವರೆ ರೂಪಾಯಿ, ಅಂದರೆ ಮನೆಗೆ 4,200 ರೂಪಾಯಿ. ವರ್ಷಕ್ಕೆ ಸಂಘದ ಆದಾಯ 24.19 ಲಕ್ಷ. ಸೆಕ್ಯೂರಿಟಿ, ಕಸ ಗುಡಿಸುವವರ ಸಂಬಳ, ಬೆಸ್ಕಾಂ ಬಿಲ್ಲು, ನೀರು, ಲಿಫ್ಟಿನ ಎಎಂಸಿ, ಡೀಸೆಲ್, ಎಸ್‌ಟಿಪಿ ನೋಡಿಕೊಳ್ಳುವವರ ಬಿಲ್ಲು ಎಲ್ಲ ಕಳೆದು 1.94 ಲಕ್ಷ ಉಳಿಯಿತು ಎಂದಿಟ್ಟುಕೊಳ್ಳಿ. ಬಿಲ್ಡರ್ ಕೊಟ್ಟುಹೋದ ಕಾರ್ಪಸ್ಸಿನಲ್ಲಿ ಹಿಂದಿನ ಖರ್ಚುಗಳೆಲ್ಲ ಹೋಗಿ ಎಫ್‌ಡಿಯಲ್ಲಿ 22 ಲಕ್ಷ ಇದೆ. ಕಟ್ಟಡಕ್ಕೆ 12 ವರ್ಷ. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾದ ಸಂಘ.

ಈಗ ಲೆಕ್ಕಪತ್ರದಲ್ಲಿ ಇಲ್ಲದ ವಸ್ತುಗಳನ್ನು ಒಂದೊಂದಾಗಿ ತರೋಣ. ಎರಡು ಲಿಫ್ಟ್, ಬದಲಿಸಲು 24 ಲಕ್ಷ, ಆಯುಸ್ಸು 20 ವರ್ಷ: ವರ್ಷಕ್ಕೆ 1.2 ಲಕ್ಷ ಸವೆಯುತ್ತಿದೆ. ಹೊರಗೋಡೆಯ ಬಣ್ಣ ಆರು ವರ್ಷಕ್ಕೊಮ್ಮೆ 18 ಲಕ್ಷ: ವರ್ಷಕ್ಕೆ 3 ಲಕ್ಷ. ತಾರಸಿಯ ವಾಟರ್‌ಪ್ರೂಫಿಂಗ್ ಹತ್ತು ವರ್ಷಕ್ಕೊಮ್ಮೆ 8 ಲಕ್ಷ. ಎಸ್‌ಟಿಪಿಯ ಮೋಟರು, ಬ್ಲೋವರು, ಟ್ಯಾಂಕಿನ ಒಳಗೋಡೆ ಸೇರಿ ಹತ್ತು ವರ್ಷಕ್ಕೊಮ್ಮೆ 10 ಲಕ್ಷ. ಜನರೇಟರ್ ಇಪ್ಪತ್ತು ವರ್ಷಕ್ಕೆ 10 ಲಕ್ಷ. ಬೋರ್‌ವೆಲ್ಲು, ಪಂಪುಗಳು ಐದು ವರ್ಷಕ್ಕೊಮ್ಮೆ 5 ಲಕ್ಷ. ನೀರಿನ ಮತ್ತು ಒಳಚರಂಡಿಯ ಪೈಪುಗಳು 25 ವರ್ಷಕ್ಕೆ 20 ಲಕ್ಷ. ಎಲ್ಲವನ್ನೂ ವರ್ಷದ ಪಾಲಿಗೆ ಇಳಿಸಿ ಕೂಡಿದರೆ 8.3 ಲಕ್ಷ. ಇವತ್ತಿನ ಬೆಲೆಯಲ್ಲಿ, ಪ್ರತಿ ವರ್ಷ. ಸಂಘ ಉಳಿಸಿದ್ದು 1.94 ಲಕ್ಷ.

ಉಳಿಕೆ ಎಂದು ಓದಿದ್ದು ನಿಜವಾಗಿ ಸುಮಾರು 6.36 ಲಕ್ಷದ ಕೊರತೆ.

ಇನ್ನೊಂದು ಲೆಕ್ಕವೂ ಇದೆ. 12 ವರ್ಷದ ಕಟ್ಟಡದಲ್ಲಿ ಇಲ್ಲಿಯವರೆಗೆ ಸವೆದಿರುವುದಕ್ಕೆ ಸರಿಯಾಗಿ ಎಷ್ಟು ಹಣ ಕೂಡಿರಬೇಕಿತ್ತು? ಲಿಫ್ಟಿನ ಪಾಲು 14.4 ಲಕ್ಷ. ಎರಡನೇ ಸುತ್ತಿನ ಬಣ್ಣ ಈಗಲೇ ಬಳಿಯಬೇಕು, ಅದರದು ಪೂರ್ತಿ 18 ಲಕ್ಷ. ಪೈಪಿನ ಪಾಲು 9.6, ಜನರೇಟರಿನದು 6. ಹತ್ತನೇ ವರ್ಷದಲ್ಲಿ ಮಾಡಿಸಿದ ತಾರಸಿ ಮತ್ತು ಎಸ್‌ಟಿಪಿಯ ಎರಡು ವರ್ಷದ ಪಾಲು, ಪಂಪುಗಳ ಪಾಲು ಸೇರಿ 5.6. ಒಟ್ಟು 53.6 ಲಕ್ಷ. ಬ್ಯಾಂಕಿನಲ್ಲಿರುವುದು 22. ಇರಬೇಕಾದ್ದರ ನೂರಕ್ಕೆ 41 ಪಾಲು. ಈ ಶೇಕಡಾವಾರು ಅಂಕಿಯೇ ಒಂದು ವಸತಿ ಸಂಘದ ನಾಡಿಮಿಡಿತ. ಅಮೆರಿಕದಲ್ಲಿ ಇದನ್ನು ಎಣಿಸಿ ಕೊಡುವುದೇ ಒಂದು ವೃತ್ತಿ. ನಮ್ಮಲ್ಲಿ ಇದನ್ನು ಕೇಳುವವರೇ ಅಪರೂಪ.

ಈಗ ಸಂಘ ಬಣ್ಣ ಬಳಿಸಿತು ಎನ್ನಿ. ದೀಪಾವಳಿಗೆ ಕಟ್ಟಡ ಹೊಸದರಂತೆ ಹೊಳೆಯುತ್ತದೆ, ಫೋಟೊಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತವೆ, ಮನೆ ಮಾರುವವರಿಗೆ ಒಳ್ಳೆಯ ಬೆಲೆ ಬರುತ್ತದೆ. ಎಫ್‌ಡಿಯಲ್ಲಿ 4 ಲಕ್ಷ ಉಳಿದಿರುತ್ತದೆ. ಇರಬೇಕಾದದ್ದು 35.6 ಲಕ್ಷ. ನೂರಕ್ಕೆ 11. ಕಟ್ಟಡ ಅತ್ಯಂತ ಚೆಂದ ಕಾಣುವ ಆ ತಿಂಗಳೇ ಸಂಘ ಅತ್ಯಂತ ದುರ್ಬಲವಾಗಿರುವ ತಿಂಗಳು. ಆ ಹೊತ್ತಿನಲ್ಲಿ ಮನೆ ಕೊಂಡವರಿಗೆ ಇದನ್ನು ಹೇಳುವವರು ಯಾರೂ ಇಲ್ಲ. ಅವರು ನೋಡುವುದು ಟೈಟಲ್ ಡೀಡು, ಖಾತೆ, ಬೆಸ್ಕಾಂ ಬಾಕಿ. ಸಂಘದ ಮೂರು ವರ್ಷದ ಲೆಕ್ಕಪತ್ರ ಕೊಡಿ ಎಂದು ಕೇಳಿದವರನ್ನು ನಾನು ನೋಡಿದ್ದು ಕಡಿಮೆ.

*

ಲೆಕ್ಕಪತ್ರದ ಒಳಗೇ ಇನ್ನೊಂದು ಬಲೆ ಇದೆ. ಹೆಚ್ಚಿನ ಸಂಘಗಳ ಆಯ-ವ್ಯಯ ಪಟ್ಟಿಯಲ್ಲಿ 'ಆದಾಯ' ಎಂದರೆ ಬಿಲ್ಲು ಹಾಕಿದ ಮೊತ್ತ, ಬಂದ ಮೊತ್ತವಲ್ಲ. ನಮ್ಮ ಉದಾಹರಣೆಯ ಸಂಘದಲ್ಲಿ ಏಳು ಮನೆಯವರು ಹತ್ತು ತಿಂಗಳಿಂದ ಕಟ್ಟಿಲ್ಲ ಎಂದುಕೊಳ್ಳಿ. ಒಬ್ಬರು ದುಬೈನಲ್ಲಿದ್ದಾರೆ, ಮನೆ ಖಾಲಿ. ಒಬ್ಬರದು ಅಣ್ಣತಮ್ಮಂದಿರ ವ್ಯಾಜ್ಯ. ಒಬ್ಬರು ನೆಲಮಹಡಿಯಲ್ಲಿದ್ದಾರೆ, ಲಿಫ್ಟ್ ಹತ್ತುವುದೇ ಇಲ್ಲವಾದ್ದರಿಂದ ಅದರ ಖರ್ಚು ಕೊಡುವುದಿಲ್ಲ ಎನ್ನುತ್ತಾರೆ. ಬಾಕಿ 2.94 ಲಕ್ಷ. ಪಟ್ಟಿಯಲ್ಲಿ 1.94 ಲಕ್ಷ ಉಳಿಕೆ ಕಾಣುತ್ತಿರುವಾಗಲೇ ನಗದಿನಲ್ಲಿ ಒಂದು ಲಕ್ಷ ಕಡಿಮೆ ಬಿದ್ದಿದೆ. ಖಜಾಂಚಿ ಆ ಒಂದು ಲಕ್ಷವನ್ನು ಎಫ್‌ಡಿ ಮುರಿಸಿ ತಂದಿರುತ್ತಾರೆ, ಅಥವಾ ಲಿಫ್ಟ್ ಕಂಪನಿಯ ಬಿಲ್ಲನ್ನು ಮುಂದಿನ ತಿಂಗಳಿಗೆ ನೂಕಿರುತ್ತಾರೆ. ಆದ್ದರಿಂದ ಸಭೆಯಲ್ಲಿ ಆಯ-ವ್ಯಯದ ಜತೆಗೆ ಜಮಾ-ಖರ್ಚಿನ ಪಟ್ಟಿಯನ್ನೂ ಕೇಳಿ ಪಡೆಯಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಮಾತ್ರ ನಿಜ ಸ್ಥಿತಿ ಹೊರಬರುತ್ತದೆ.

ನೆಲಮಹಡಿಯವರ ವಾದಕ್ಕೆ ಕಾನೂನಿನಲ್ಲಿ ಉತ್ತರವಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಬರುವ ಕಟ್ಟಡದಲ್ಲಿ, ಸಾಮಾನ್ಯ ಸೌಕರ್ಯವನ್ನು ನಾನು ಬಳಸುವುದಿಲ್ಲ ಎಂದೋ ಮನೆ ಬೀಗ ಹಾಕಿದ್ದೇನೆ ಎಂದೋ ಹೇಳಿ ಸಾಮಾನ್ಯ ಖರ್ಚಿನ ಪಾಲಿನಿಂದ ಯಾರೂ ತಪ್ಪಿಸಿಕೊಳ್ಳಲಾಗದು. ಕಟ್ಟದೆ ಉಳಿದ ಬಾಕಿ ಆ ಮನೆಯ ಮೇಲಿನ ಋಣಭಾರವಾಗುತ್ತದೆ. ಸರ್ಕಾರದ ಮತ್ತು ಪಾಲಿಕೆಯ ತೆರಿಗೆ, ಮೊದಲ ಅಡಮಾನದ ಸಾಲ ಇವುಗಳ ನಂತರದ ಸ್ಥಾನ ಅದಕ್ಕೆ. ಮನೆ ಮಾರಿದರೆ ಕೊಂಡವರೂ ಆ ಬಾಕಿಗೆ ಹೊಣೆ. ಕಾಯ್ದೆಯ ಈ ಬಲ ಎಷ್ಟೋ ಸಂಘಗಳ ಪದಾಧಿಕಾರಿಗಳಿಗೇ ಗೊತ್ತಿರುವುದಿಲ್ಲ. ಪಕ್ಕದ ಮನೆಯವರ ಮೇಲೆ ಕೇಸು ಹಾಕುವುದು ಹೇಗೆ ಎಂಬ ದಾಕ್ಷಿಣ್ಯವೂ ಇದೆ. ಆ ದಾಕ್ಷಿಣ್ಯ ನನಗೆ ಅರ್ಥವಾಗುತ್ತದೆ. ಆದರೆ ಅದರ ಬೆಲೆ ತೆರುತ್ತಿರುವವರು ತಿಂಗಳು ತಿಂಗಳು ತಪ್ಪದೆ ಕಟ್ಟುವ ಉಳಿದ ನಲವತ್ತೊಂದು ಮನೆಯವರು.

ಸಣ್ಣ ಸಂಘಕ್ಕೆ ಒಂದು ಕೆಟ್ಟ ಬೇಸಿಗೆ ಸಾಕು. 2024ರ ಬರದಲ್ಲಿ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು: ಐದು ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ. ಬೋರ್‌ವೆಲ್ ಬತ್ತಿದ 48 ಮನೆಯ ಕಟ್ಟಡಕ್ಕೆ ದಿನಕ್ಕೆ ಎರಡು ಟ್ಯಾಂಕರ್ ಬೇಕು. ಆ ನಿಗದಿಯಾದ ದರದಲ್ಲೇ ತಿಂಗಳಿಗೆ 60,000. ಮೂರು ತಿಂಗಳಿಗೆ 1.8 ಲಕ್ಷ. ನಮ್ಮ ಸಂಘದ ವರ್ಷದ ಉಳಿಕೆ ಬಹುತೇಕ ಪೂರ್ತಿ ಮೂರು ತಿಂಗಳ ನೀರಿಗೆ ಹೋಯಿತು.

*

ಇರುವ ಹಣವನ್ನು ಎಲ್ಲಿಡುವುದು ಎಂಬುದೂ ಆರೋಗ್ಯದ ಮಾತೇ. ಹೆಚ್ಚು ಬಡ್ಡಿ ಸಿಗುತ್ತದೆ ಎಂದು ಇಡೀ ಕಾರ್ಪಸ್ಸನ್ನು ಒಂದೇ ಬ್ಯಾಂಕಿನಲ್ಲಿ ಇಡುವ ಸಂಘಗಳಿವೆ. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಮೊದಲಿಗೆ 1,000 ರೂಪಾಯಿ ಮಾತ್ರ ತೆಗೆಯಲು ಬಿಟ್ಟಾಗ ಅನೇಕ ಹೌಸಿಂಗ್ ಸೊಸೈಟಿಗಳ ಹಣ ಅಲ್ಲಿ ಸಿಕ್ಕಿಕೊಂಡಿತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೂ ನಿರ್ಬಂಧ ಬಂತು. ತೆಗೆಯಬಹುದಾಗಿದ್ದ ಮೊತ್ತ 35,000. ಬಸವನಗುಡಿಯಲ್ಲಿ ಆಗ ಆ ಬ್ಯಾಂಕಿನ ಮುಂದೆ ಕಂಡ ಹಿರಿಯರ ಮುಖಗಳನ್ನು ಆ ಭಾಗದವರು ಮರೆತಿಲ್ಲ. ಅದೇ ಫೆಬ್ರುವರಿಯಲ್ಲಿ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಸಂಘದ ಹೆಸರಿನಲ್ಲಿ ಒಂದು ಬ್ಯಾಂಕಿನಲ್ಲಿ ಎಷ್ಟೇ ಎಫ್‌ಡಿ ಇದ್ದರೂ ವಿಮೆ ಒಟ್ಟು ಅಷ್ಟಕ್ಕೇ. 48 ಮನೆಯವರ ಹಣ ಎಂದು 48 ಪಟ್ಟು ಆಗುವುದಿಲ್ಲ.

ಬಡ್ಡಿಯ ಮೇಲೆ ತೆರಿಗೆಯೂ ಇದೆ. ಸದಸ್ಯರು ತಮಗಾಗಿ ತಾವೇ ಕೂಡಿಸಿಕೊಂಡ ಹಣದಲ್ಲಿ ಉಳಿದದ್ದು ಲಾಭವಲ್ಲ ಎಂಬ ಪರಸ್ಪರತೆಯ ತತ್ತ್ವವನ್ನು ನ್ಯಾಯಾಲಯಗಳು ಒಪ್ಪಿವೆ. 2018ರಲ್ಲಿ ಮುಂಬಯಿಯ ವೆಂಕಟೇಶ್ ಪ್ರಿಮೈಸಸ್ ಸೊಸೈಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ 2013ರಲ್ಲಿ ಬೆಂಗಳೂರು ಕ್ಲಬ್ಬಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಆ ಹಣ ಬ್ಯಾಂಕಿಗೆ ಹೋಗಿ ಬಡ್ಡಿ ದುಡಿದ ಕ್ಷಣ ಪರಸ್ಪರತೆಯ ಸರಪಳಿ ಮುರಿಯುತ್ತದೆ ಎಂದು ಹೇಳಿದೆ. ಹಾಗಾಗಿ ಎಫ್‌ಡಿಯ ಬಡ್ಡಿಯಲ್ಲಿ ತೆರಿಗೆ ಹೋದ ಮೇಲೆ ಉಳಿಯುವುದು, ಲಿಫ್ಟ್ ಮತ್ತು ಸಿಮೆಂಟಿನ ಬೆಲೆ ಏರುವ ವೇಗಕ್ಕೆ ಸಮ ಬಂದರೆ ಹೆಚ್ಚು. ಕಾರ್ಪಸ್ ಇದೆ, ಅದರ ಬಡ್ಡಿಯಲ್ಲೇ ಎಲ್ಲ ನಡೆಯುತ್ತದೆ ಎಂದು ಬಿಲ್ಡರ್ ಕಡೆಯವರು ಮಾರುವಾಗ ಹೇಳುವ ಮಾತು ನಂಬುವಂಥದ್ದಲ್ಲ. ಜಿಎಸ್‌ಟಿಯ ಭಯ ಮಾತ್ರ ಸಣ್ಣ ಸಂಘಗಳಿಗೆ ಅಷ್ಟಾಗಿ ಬೇಡ: ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಮನೆಯೊಂದರ ತಿಂಗಳ ಮೊತ್ತವೂ 7,500 ದಾಟಿದರೆ ಮಾತ್ರ ಅದರ ಪ್ರಶ್ನೆ ಬರುತ್ತದೆ.

*

ಕೊರತೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಫ್ಲಾರಿಡಾದ ಸರ್ಫ್‌ಸೈಡ್ ಸಾಕ್ಷಿ. 2021ರ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಸಮುದ್ರ ದಂಡೆಯ ಶಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ಕಟ್ಟಡದ ಒಂದು ಭಾಗ ಕುಸಿದು 98 ಜನ ಸತ್ತರು. 1981ರಲ್ಲಿ ಕಟ್ಟಿದ 136 ಮನೆಗಳ ವಸತಿ ಸಮುಚ್ಚಯ, ಮಾಲೀಕರದೇ ಸಂಘ. 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು: ಈಜುಕೊಳದ ಸುತ್ತಲಿನ ಅಂಗಳಕ್ಕೆ ನೀರು ಹರಿದುಹೋಗುವ ಇಳಿಜಾರೇ ಇಲ್ಲ, ವಾಟರ್‌ಪ್ರೂಫಿಂಗ್ ಕೆಟ್ಟು ಕೆಳಗಿನ ಕಾಂಕ್ರೀಟ್ ಹಾಳಾಗುತ್ತಿದೆ. 2020ರಲ್ಲಿ ನಿಧಿಯ ಲೆಕ್ಕ ಹಾಕಿಸಿದಾಗ ಇರಬೇಕಿದ್ದದ್ದು ಒಂದು ಕೋಟಿ ಡಾಲರಿಗೂ ಮೇಲೆ, ಇದ್ದದ್ದು ಸುಮಾರು 7 ಲಕ್ಷ. ನೂರಕ್ಕೆ 6.9. ಕೊನೆಗೆ 2021ರ ಏಪ್ರಿಲಿನಲ್ಲಿ ಒಂದೂವರೆ ಕೋಟಿ ಡಾಲರಿನ ವಿಶೇಷ ವಂತಿಗೆಗೆ ಒಪ್ಪಿಗೆ ಸಿಕ್ಕಿತು. ಅತಿ ಸಣ್ಣ ಮನೆಗೂ 80 ಸಾವಿರ ಡಾಲರ್. ಆ ಹಣ ಕಟ್ಟಲು ಶುರುಮಾಡಬೇಕಿದ್ದ ದಿನ ಜುಲೈ 1. ಕಟ್ಟಡ ಬಿದ್ದದ್ದು ಅದಕ್ಕೆ ಒಂದು ವಾರ ಮೊದಲು.

ಹಣವಿದ್ದಿದ್ದರೆ ಕಟ್ಟಡ ಬೀಳುತ್ತಲೇ ಇರಲಿಲ್ಲ ಎಂದು ಹೇಳಲಾಗದು. ಮೂಲ ವಿನ್ಯಾಸದಲ್ಲೇ ದೋಷಗಳಿದ್ದವು ಎಂದು ಸರ್ಕಾರದ ತನಿಖೆ ಕಂಡುಕೊಂಡಿದೆ. ಆದರೆ ಎಂಜಿನಿಯರ್ ವರದಿ ಬಂದಾಗ ಕೈಯಲ್ಲಿ ಹಣವಿದ್ದಿದ್ದರೆ ಮೂರು ವರ್ಷ ಯಾರು ಎಷ್ಟು ಕೊಡಬೇಕು ಎಂಬ ಜಗಳದಲ್ಲಿ ಹೋಗುತ್ತಿರಲಿಲ್ಲ. 2022ರಲ್ಲಿ ಫ್ಲಾರಿಡಾ ಕಾನೂನು ತಿದ್ದಿ, ಹಳೆಯ ಕಟ್ಟಡಗಳ ತಪಾಸಣೆಯನ್ನು, ಮುಖ್ಯ ರಚನೆಗಳ ರಿಪೇರಿ ನಿಧಿಯನ್ನು ಕಡ್ಡಾಯ ಮಾಡಿತು. ಅದುವರೆಗೆ ಸದಸ್ಯರು ಬಹುಮತದಿಂದ ನಿಧಿ ಬೇಡ ಎನ್ನಬಹುದಿತ್ತು. ಕಾನೂನು ಬಿಗಿಯಾದದ್ದೇ ಹಲವು ಹಳೆಯ ಕಟ್ಟಡಗಳಲ್ಲಿ ತಿಂಗಳ ವಂತಿಗೆ ಏಕಾಏಕಿ ಏರಿ, ಪಿಂಚಣಿಯಲ್ಲಿ ಬದುಕುವವರು ಮನೆ ಮಾರಬೇಕಾದ ಸ್ಥಿತಿ ಬಂತು. ಎಷ್ಟೋ ವರ್ಷ ಕೊಡದೆ ಉಳಿಸಿದ್ದನ್ನು ಎರಡು ವರ್ಷದಲ್ಲಿ ಕೇಳಿದರೆ ಆಗುವುದು ಇದೇ.

ನಮ್ಮ ದೇಶದಲ್ಲಿ ಮಹಾರಾಷ್ಟ್ರ ಇದನ್ನು ಮೊದಲೇ ಯೋಚಿಸಿದೆ. ಅಲ್ಲಿನ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ, ಜಾಗದ ಬೆಲೆ ಬಿಟ್ಟು ಮನೆಯ ನಿರ್ಮಾಣ ವೆಚ್ಚದ ಕನಿಷ್ಠ ಶೇ 0.25 ಪ್ರತಿ ವರ್ಷ ಸಿಂಕಿಂಗ್ ಫಂಡಿಗೆ, ಶೇ 0.75 ರಿಪೇರಿ ನಿಧಿಗೆ ಹೋಗಬೇಕು. 15 ವರ್ಷ ದಾಟಿದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ರಚನೆಯ ತಪಾಸಣೆ. ನಮ್ಮ 1,200 ಚದರಡಿಯ ಮನೆಗೆ ಚದರಡಿಗೆ 2,000 ರೂಪಾಯಿ ನಿರ್ಮಾಣ ವೆಚ್ಚ ಹಿಡಿದರೆ ಎರಡೂ ಸೇರಿ ತಿಂಗಳಿಗೆ 2,000 ರೂಪಾಯಿ. ದಿನನಿತ್ಯದ ಸಣ್ಣ ರಿಪೇರಿಗಳೂ ಅದರಲ್ಲಿ ಸೇರಿವೆ. ಮೇಲೆ ನಾವು ವಸ್ತುವಾರು ಹಾಕಿದ ಲೆಕ್ಕದಲ್ಲಿ 8.3 ಲಕ್ಷವನ್ನು 48 ಮನೆಗೆ, 12 ತಿಂಗಳಿಗೆ ಹಂಚಿದರೆ 1,441. ಎರಡು ಬೇರೆ ದಾರಿಗಳು ಸುಮಾರು ಒಂದೇ ಕಡೆ ತಂದು ನಿಲ್ಲಿಸುತ್ತವೆ. ಕರ್ನಾಟಕದಲ್ಲಿ ಸಂಘವನ್ನು ಯಾವ ಕಾಯ್ದೆಯಡಿ ನೋಂದಾಯಿಸಬೇಕು ಎಂಬ ಮೊದಲ ಪ್ರಶ್ನೆಯೇ ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿದೆ. ಇಂಥ ಸ್ಪಷ್ಟ ಪ್ರಮಾಣವನ್ನು ಸರ್ಕಾರ ಇಲ್ಲಿಯೂ ಗೊತ್ತುಮಾಡಬೇಕು. ಅಲ್ಲಿಯವರೆಗೆ ಸಂಘಗಳು ತಮ್ಮ ಬೈಲಾದಲ್ಲಿ ತಾವೇ ಬರೆದುಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

*

ಮೇಂಟೆನೆನ್ಸ್ ಏರಿಸುವ ಮಾತು ಬಂದಾಗ ಸಭೆಯಲ್ಲಿ ಮೊದಲು ಏಳುವ ದನಿ ನಿವೃತ್ತರದು. 'ನಮ್ಮ ಪೆನ್ಷನ್ ಏರುವುದಿಲ್ಲಪ್ಪ' ಎನ್ನುತ್ತಾರೆ. ಅದು ನಿಜ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಅವರ ಹೆಸರಿನಲ್ಲಿ ದರವನ್ನು ಕೆಳಗಿಟ್ಟರೆ ಅವರಿಗೇ ಹೆಚ್ಚು ಕಷ್ಟ. ನಿಧಿ ಇಲ್ಲದ ಸಂಘ ಬಣ್ಣಕ್ಕೆಂದು ಮನೆಗೆ 37,500 ರೂಪಾಯಿ ಒಂದೇ ಸಲ ಕೇಳಿದಾಗ, ಐಟಿ ಕಂಪನಿಯಲ್ಲಿರುವ ದಂಪತಿ ಫೋನಿನಲ್ಲೇ ಕಳಿಸಿಬಿಡುತ್ತಾರೆ. ಕಷ್ಟಪಡುವವರು ನಿವೃತ್ತ ಮೇಷ್ಟ್ರು. ಲಿಫ್ಟ್ ಕೆಟ್ಟು ಎರಡು ತಿಂಗಳು ನಿಂತರೆ ಮಂಡಿನೋವಿರುವ ಅವರ ಹೆಂಡತಿಯೇ ನಾಲ್ಕನೇ ಮಹಡಿಯಲ್ಲಿ ಕೂತಿರಬೇಕು. ಸಂಘಕ್ಕೆ ಸಾಲ ಸಿಗುವುದೂ ಅಪರೂಪ, ಅಡವಿಡಲು ಅದರ ಹೆಸರಿನಲ್ಲಿ ಆಸ್ತಿ ಇಲ್ಲ. ಕಡಿಮೆ ಮೇಂಟೆನೆನ್ಸ್ ಕಟ್ಟಿ ಹತ್ತು ವರ್ಷ ಇದ್ದು, ಮನೆ ಮಾರಿ ಹೋದವರು ತಾವು ಸವೆಸಿದ ಪಾಲನ್ನು ಕೊಡದೇ ಹೋದರು. ಅವರ ಪಾಲು ಬಿದ್ದದ್ದು ಕೊನೆಯವರೆಗೆ ಅಲ್ಲೇ ಇರುವವರ ತಲೆಗೆ.

ಏರಿಕೆಯನ್ನು ಹಂಚಿ ತರಬಹುದು. ನಮ್ಮ ಉದಾಹರಣೆಯಲ್ಲಿ ವರ್ಷದ 8.3 ಲಕ್ಷವನ್ನು ಪೂರ್ತಿ ನಿಧಿಗೆಂದೇ ಕೂಡಿಸಲು ಬೇಕಾದದ್ದು ಚದರಡಿಗೆ ತಿಂಗಳಿಗೆ ಹೆಚ್ಚುಕಡಿಮೆ 1 ರೂಪಾಯಿ 20 ಪೈಸೆ. ಮೂರು ವರ್ಷ, ವರ್ಷಕ್ಕೆ 40 ಪೈಸೆಯಂತೆ ಏರಿಸಿದರೆ ಪ್ರತಿ ಸಲ ಮನೆಗೆ 480 ರೂಪಾಯಿ. ಆ ಹಣ ದಿನದ ಖರ್ಚಿನ ಖಾತೆಗೆ ಬರಲೇಬಾರದು. ಬೇರೆ ಖಾತೆ, ಬೇರೆ ಸಹಿದಾರರು, ತೆಗೆಯಬೇಕಾದರೆ ಸರ್ವಸದಸ್ಯರ ಸಭೆಯ ಒಪ್ಪಿಗೆ. ಪಂಪು, ಲಿಫ್ಟು, ಪೈಪುಗಳ ಪಟ್ಟಿಯನ್ನು ಅವುಗಳ ವಯಸ್ಸು, ಬದಲಿಸುವ ವೆಚ್ಚದ ಸಮೇತ ಲೆಕ್ಕಪತ್ರಕ್ಕೆ ಒಂದು ಅನುಬಂಧವಾಗಿ ಸೇರಿಸಬೇಕು. ಆಡಿಟರ್ ಅದಕ್ಕೆ ಸಹಿ ಹಾಕಬೇಕಿಲ್ಲ. ಒಂದೇ ಪುಟ ಸಾಕು. ನೂರಕ್ಕೆ ಎಷ್ಟು ಇದೆ ಎಂಬ ಅಂಕಿಯನ್ನು ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕು.

ಅಷ್ಟಾದರೂ 480 ರೂಪಾಯಿ ಭಾರವಾಗುವ ಒಂದೆರಡು ಮನೆ ಇದ್ದೇ ಇರುತ್ತವೆ. ಬಾಕಿ ಮನೆಯ ಮೇಲೆ ಋಣಭಾರವಾಗಿ ನಿಲ್ಲುತ್ತದೆ ಎಂಬ ಅದೇ ಕಾಯ್ದೆಯನ್ನು ಅವರ ಮೇಲೆ ಝಳಪಿಸುವ ಬದಲು ಅವರ ನೆರವಿಗೆ ಬಳಸಬಹುದು ಎಂದು ನನಗೆ ಅನ್ನಿಸುತ್ತದೆ. ನಿಧಿಯ ಪಾಲನ್ನು ಅವರಿಂದ ಈಗ ಕೇಳದೆ, ಅವರ ಮನೆಯ ಹೆಸರಿನಲ್ಲಿ ಬರೆದಿಟ್ಟು, ಮನೆ ಕೈಬದಲಾಗುವ ದಿನ ವಸೂಲು ಮಾಡಿಕೊಳ್ಳುವುದು. ದಿನದ ಖರ್ಚಿನ ಪಾಲನ್ನು ಮಾತ್ರ ಅವರು ಎಂದಿನಂತೆ ಕಟ್ಟುತ್ತಾರೆ. 48ರಲ್ಲಿ ಎರಡು ಮನೆಗೆ ಹೀಗೆ ಮಾಡಿದರೆ ನಿಧಿಗೆ ವರ್ಷಕ್ಕೆ 35 ಸಾವಿರದಷ್ಟು ತಡವಾಗುತ್ತದೆ, ನಷ್ಟವಾಗುವುದಿಲ್ಲ. ಇದಕ್ಕೆ ಸಭೆಯಲ್ಲಿ ಒಂದು ಠರಾವು ಬೇಕು, ಬಡ್ಡಿ ಎಷ್ಟೆಂದು ಮೊದಲೇ ಬರೆದ ಒಪ್ಪಂದ ಬೇಕು, ಮನೆ ಮಾರುವಾಗ ಸಂಘ ಕೊಡುವ 'ಬಾಕಿ ಇಲ್ಲ' ಪತ್ರದಲ್ಲಿ ಅದರ ಉಲ್ಲೇಖ ಇರಬೇಕು. ಯಾರಿಗೆ ಈ ಅವಕಾಶ ಕೊಡಲಾಗಿದೆ ಎಂಬುದು ಪದಾಧಿಕಾರಿಗಳ ಮತ್ತು ಆ ಮನೆಯವರ ನಡುವೆ ಮಾತ್ರ ಇರಬೇಕು, ವಾಟ್ಸ್‌ಆ್ಯಪ್ ಗುಂಪಿಗೆ ಬರಬಾರದು.